ಎದುರು ಪರದೆ

ನಮ್ಮೂರಿನಲ್ಲಿ ಯಾರ ಮಾತನ್ನೂ ಅವರ ಕಣ್ಣು ತಪ್ಪಿಸಿ ಬರೆದುಕೊಳ್ಳುವಂತಿಲ್ಲ. ಹಾಗೆ ಬರೆದರೆ, ಬರೆದದ್ದಷ್ಟೇ ಅವರಿಗೆ ಉಳಿಯುತ್ತದೆ. ಹೇಳಿದ್ದು ಒಂದು, ಬರೆದದ್ದು ಇನ್ನೊಂದು ಆಗಿದ್ದರೆ, ಹೇಳಿದವರು ಆ ಕೋಣೆಯ ಹೊಸ್ತಿಲು ದಾಟುವಷ್ಟರಲ್ಲಿ ತಾವು ನಿಜಕ್ಕೂ ಕಂಡದ್ದನ್ನು ಮರೆತು, ಬರೆದದ್ದನ್ನೇ ಕಂಡವರಾಗಿಬಿಡುತ್ತಾರೆ. ಬರೆಯುವುದನ್ನು ಕಣ್ಣಾರೆ ನೋಡುತ್ತಿದ್ದವರಿಗೆ ಮಾತ್ರ ಏನೂ ಆಗುವುದಿಲ್ಲ. ಅದಕ್ಕೇ ನಮ್ಮ ದಿನಸಿ ಅಂಗಡಿಯವರು ಚೀಟಿಯನ್ನು ಗಿರಾಕಿಯ ಕಡೆಗೆ ತಿರುಗಿಸಿಟ್ಟು, ತಾವು ತಲೆಕೆಳಗಾಗಿ ಬರೆಯುವುದನ್ನು ಕಲಿತಿದ್ದಾರೆ. ಡಾಕ್ಟರು ರೋಗಿಯನ್ನು ಎದುರಿಗೆ ಕೂರಿಸುವುದಿಲ್ಲ, ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾರೆ. ಫೋನಿನಲ್ಲಿ ಯಾರಾದರೂ ಮಾತಿನ ಮಧ್ಯೆ ಸುಮ್ಮನಾದರೆ ನಾವು ಮೊದಲು ಕೇಳುವುದು, "ಕೈಯಲ್ಲಿ ಪೆನ್ನೇನಾದ್ರೂ ಇದೆಯಾ?" ಎಂದು. ಓದಲು ಬಾರದವರು ನಮ್ಮಲ್ಲಿಲ್ಲ. ಕೂಲಿ ಮಾಡುವವರು, ಮೀನು ಹಿಡಿಯುವವರು, ಬೇರೇನೂ ಕಲಿಯದಿದ್ದರೂ ಅಕ್ಷರವನ್ನಂತೂ ಕಲಿಯುತ್ತಾರೆ.

ನನ್ನ ಸೋದರತ್ತೆ ಒಬ್ಬಳಿದ್ದಳು, ಅಂಬುಜತ್ತೆ. ಅವಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ಅವಳೇನು ಹೇಳಿದಳೆಂದು ಪಡಸಾಲೆಯಲ್ಲಿ ಕೂತು ಯಾರೋ ಬರೆದುಕೊಂಡರಂತೆ. ಸಾಯುವವರೆಗೂ ಅವಳು ನಮಗೆಲ್ಲ ಹೇಳುತ್ತಿದ್ದದ್ದು, "ನಿಮ್ಮ ಮಾವನ್ನ ನೋಡಿದ್ದೇ ತಡ, ಮನಸ್ಸು ಒಪ್ಪಿಬಿಡ್ತು" ಎಂದೇ. ಅವತ್ತು ಅವಳು ಅಟ್ಟ ಹತ್ತಿ ಕೂತು ಕೆಳಗಿಳಿಯಲೊಲ್ಲೆ ಎಂದು ಅತ್ತದ್ದನ್ನು ನನ್ನ ಅಮ್ಮ ನೋಡಿದ್ದಳು. ಅಮ್ಮ ಅದನ್ನು ನನಗೆ ಹೇಳಿದ್ದು ಅತ್ತೆ ಸತ್ತ ಮೇಲೆ.

ನನ್ನ ಹೆಸರು ವನಮಾಲಾ. ಮಾರ್ಕೆಟ್ ರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಕರಪತ್ರ, ಅಂಗಡಿ ಬೋರ್ಡು ಎಲ್ಲ ಮಾಡುತ್ತಿದ್ದೆ. ಎರಡು ಕಂಪ್ಯೂಟರ್ ಇದ್ದವು, ಎರಡಕ್ಕೂ ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿಕೊಂಡಿದ್ದೆ. ಜನ ತಮ್ಮ ಪತ್ರಿಕೆಗಳನ್ನು ತಮ್ಮ ಫೋನಿನಲ್ಲೇ ಮಾಡಿಕೊಳ್ಳತೊಡಗಿದ ಮೇಲೆ ಅಂಗಡಿಗೆ ಬರುವವರು ಕಡಿಮೆಯಾದರು. ಬಾಗಿಲು ಎಳೆದು, ಊರಿನ ಹೇಳಿಕೆ ಮನೆಯಲ್ಲಿ ಟೈಪಿಸ್ಟ್ ಕೆಲಸಕ್ಕೆ ಸೇರಿಕೊಂಡೆ.

ಹೇಳಿಕೆ ಮನೆ ಎಂದರೆ ಊರಿನಲ್ಲಿ ಏನೇ ಅನಾಹುತವಾದರೂ ಕಂಡವರು ಬಂದು, ಕಂಡದ್ದನ್ನು ಹೇಳುವ ಜಾಗ. ಅಲ್ಲಿ ದಾಖಲಾದ ಹೇಳಿಕೆಗಳ ಮೇಲೆಯೇ ತೀರ್ಮಾನ. ಹಿಂದೆ ಅಲ್ಲಿನ ಒಂದಿಡೀ ಗೋಡೆಗೆ ಕಪ್ಪು ಬಳಿದಿತ್ತಂತೆ. ಬರೆಯುವವರು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯುತ್ತಿದ್ದರು, ಹೇಳುವವರು ಬೆಂಚಿನ ಮೇಲೆ ಕೂತು ಓದಿಕೊಳ್ಳುತ್ತಿದ್ದರು, ತಪ್ಪಿದ್ದರೆ ಅಲ್ಲೇ ಕೂಗುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಗೋಡೆಗೆ ತಿಳಿ ಹಳದಿ ಬಣ್ಣ ಬಂತು. ಎಲ್ಲರಿಗೂ ಖುಷಿಯೋ ಖುಷಿ. ಪರದೆಗೊಂದು ಬೆನ್ನಿರುತ್ತದೆ, ಆ ಬೆನ್ನು ಹೇಳುವವರ ಕಡೆಗಿರುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಹೇಳಿಕೆಯ ಪ್ರತಿಯನ್ನು ಆಮೇಲೆ ಹೊರಗಿನ ಕಿಟಕಿಯಲ್ಲಿ ಕೈಗೆ ಕೊಡುತ್ತಿದ್ದರು. ಅಷ್ಟರಲ್ಲಿ ಹೊಸ್ತಿಲು ದಾಟಿ ಆಗಿರುತ್ತಿತ್ತು. ಓದಿ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ದೂರು ಹೇಳಲು ಯಾರ ತಲೆಯಲ್ಲೂ ಏನೂ ಉಳಿದಿರುತ್ತಿರಲಿಲ್ಲ.

ಹೇಳಿಕೆ ಮನೆಯ ಮುಖ್ಯಸ್ಥರು ನಂಜರಾಜಯ್ಯ. ಮೆತ್ತಗೆ ಮಾತಾಡುವ ಮನುಷ್ಯ. ಬಂದವರಿಗೆಲ್ಲ ತಾವೇ ಎದ್ದು ನೀರು ಕೊಡುವರು. ಊರಿನಲ್ಲಿ ಅವರನ್ನು ಕೆಟ್ಟವರೆಂದವರನ್ನು ನಾನು ಕೇಳಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ತಿಂಗಳಲ್ಲೇ ಐಸ್ ಫ್ಯಾಕ್ಟರಿಯ ವಿಚಾರಣೆ ಶುರುವಾಯಿತು. ನಮ್ಮ ದೊಡ್ಡ ಕೆರೆಯ ಮೀನೆಲ್ಲ ಆ ಫ್ಯಾಕ್ಟರಿಯ ಮಂಜುಗಡ್ಡೆಯಲ್ಲೇ ಹೊರಗೆ ಹೋಗುವುದು. ಅಲ್ಲಿ ಅಮೋನಿಯ ಗ್ಯಾಸು ಸೋರಿ, ಒಳಗಿನ ಕೋಣೆಯಲ್ಲಿ ಗಡ್ಡೆ ಜೋಡಿಸುತ್ತಿದ್ದ ಭಾಗ್ಯ ಎಂಬ ಹುಡುಗಿ ಸತ್ತಿದ್ದಳು. ಅವಳು ಸತ್ತದ್ದು ಹಿಂದಿನ ಬಾಗಿಲಿನ ಹತ್ತಿರ. ಆ ಬಾಗಿಲು ತೆರೆದಿತ್ತೋ, ಹೊರಗಿನಿಂದ ಬೀಗ ಹಾಕಿತ್ತೋ ಎಂಬುದಷ್ಟೇ ಪ್ರಶ್ನೆ. ಬೀಗ ಹಾಕಿದ್ದರೆ ತಪ್ಪು ಮಾಲೀಕರದ್ದು. ತೆರೆದಿದ್ದರೆ ಗಾಬರಿಯಲ್ಲಿ ದಾರಿ ಕಾಣದೆ ಬಿದ್ದ ಭಾಗ್ಯಳದ್ದು.

ಮೊದಲು ಬಂದವನು ಗಡ್ಡೆ ಎಳೆಯುವ ದ್ಯಾವಣ್ಣ. ಐವತ್ತರ ಆಳು, ದಪ್ಪ ಮಣಿಕಟ್ಟು. ಎರಡೂ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದ.

"ಹಿಂದ್ಗಡೆ ಬಾಗ್ಲಿಗೆ ಹೊರಗಿಂದ ಬೀಗ ಜಡಿದಿತ್ತು ಸ್ವಾಮಿ," ಅಂದ. "ಒಳಗಿಂದ ಆ ಮಗಾ ಬಡೀತಿತ್ತು. ನಾನು ಸಲಾಕೆ ತಂದು ಮೀಟಿದೆ, ಮೀಟಿದೆ, ಕೈ ಎಲ್ಲ ಕಿತ್ತೋಯ್ತು. ಬೀಗ ಬರಲಿಲ್ಲ."

ನಾನು ಹಾಗೇ ಟೈಪ್ ಮಾಡಿದೆ. ನಂಜರಾಜಯ್ಯನವರು ನನ್ನ ಪಕ್ಕಕ್ಕೆ ಬಂದು, ಬೀಗ ಎಂಬ ಪದದ ಮೇಲೆ ಬೆರಳಿಟ್ಟು, ಬೇಡ ಎಂಬಂತೆ ತಲೆಯಾಡಿಸಿದರು. ನನಗೆ ಅರ್ಥವಾಗಲಿಲ್ಲ. ಅವರು ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡು, ಒಂದೇ ಬೆರಳಿನಲ್ಲಿ ನಿಧಾನವಾಗಿ ಆ ಸಾಲುಗಳನ್ನು ಅಳಿಸಿದರು. "ಬಾಗಿಲು ಹಾಕಿದಂತೆ ಕಂಡಿತು. ನಾನು ದೂರದಲ್ಲಿದ್ದೆ," ಎಂದು ಬರೆದರು.

"ಅದನ್ನ ಯಾಕೆ ಅಳಿಸಿದ್ರಿ ಸರ್?" ಎಂದೆ, ಗಟ್ಟಿಯಾಗಿಯೇ.

ದ್ಯಾವಣ್ಣ ತಲೆಯೆತ್ತಿದ. "ಏನು ಅಳಿಸಿದ್ರಿ?"

"ಅಕ್ಷರ ತಪ್ಪಾಗಿತ್ತು ದ್ಯಾವಣ್ಣ, ತಿದ್ದಿದೆ. ಹೊಸ ಟೈಪಿಸ್ಟು, ಪಾಪ," ಎಂದು ನಕ್ಕ ನಂಜರಾಜಯ್ಯ ಅವನ ಹೆಗಲ ಮೇಲೆ ಕೈಹಾಕಿ, ಮಾತಾಡುತ್ತಲೇ ಬಾಗಿಲ ಕಡೆಗೆ ನಡೆಸಿಕೊಂಡು ಹೋದರು. ನಾನು ಕುರ್ಚಿ ತಳ್ಳಿ ಎದ್ದು, "ದ್ಯಾವಣ್ಣ, ನಿಲ್ಲಿ!" ಎಂದು ಕೂಗುವಷ್ಟರಲ್ಲಿ ಅವನ ಕಾಲು ಹೊಸ್ತಿಲಾಚೆ ಬಿದ್ದಿತ್ತು.

ಹೊರಗಿನ ಬೆಂಚಿನ ಮೇಲೆ ಭಾಗ್ಯಳ ಅಕ್ಕ ಚಿಕ್ಕತಾಯಮ್ಮ ಕಾಯುತ್ತಿದ್ದಳು. ಅದೇ ಫ್ಯಾಕ್ಟರಿಯಲ್ಲಿ ಗಡ್ಡೆ ಕರಗದಂತೆ ಸುತ್ತ ಹೊಟ್ಟು ತುಂಬುವ ಕೆಲಸದವಳು. ಮುಂದಿನ ಹೇಳಿಕೆ ಅವಳದ್ದು. ಎದ್ದು ಬಂದು ಕೇಳಿದಳು, "ಸಲಾಕೆ ವಿಚಾರ ಹೇಳ್ದೆಯಾ ಅಣ್ಣ?"

"ಯಾವ ಸಲಾಕೆ ತಾಯಿ?"

"ಬೀಗ ಮೀಟಿದ್ದು."

"ನಾನೆಲ್ಲಿ ಮೀಟಿದೆ? ದೂರದಲ್ಲಿದ್ದೆನಲ್ಲ," ಅಂದ ದ್ಯಾವಣ್ಣ. ಅವನ ಮುಖದಲ್ಲಿ ಸುಳ್ಳಿನ ಎಳೆಯೂ ಇರಲಿಲ್ಲ. ಚಿಕ್ಕತಾಯಮ್ಮ ಅವನ ಎರಡೂ ಕೈ ಹಿಡಿದು ಬಟ್ಟೆ ಬಿಚ್ಚಿದಳು. ಅಂಗೈಯ ಚರ್ಮ ಸುಲಿದು ಹೆಪ್ಪುಗಟ್ಟಿತ್ತು. ಅವನು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದ. "ಗಡ್ಡೆ ಎಳೆಯೋವಾಗ ಆಗಿರ್ಬೇಕು," ಅಂದ.

ಚಿಕ್ಕತಾಯಮ್ಮ ನನ್ನ ಕಡೆ ತಿರುಗಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. "ನಾನು ಒಳಗೆ ಬರಲ್ಲ," ಅಂದಳು.

"ಬರಬೇಡ," ಎಂದೆ. "ಮೈ ಹುಷಾರಿಲ್ಲ, ಮುಂದಿನ ವಾರ ಬರ್ತೀನಿ ಅನ್ನು."

ಅವತ್ತು ಅವಳನ್ನು ಕೆರೆ ಏರಿಯವರೆಗೆ ಕರೆದುಕೊಂಡು ಹೋದೆ. ಅಲ್ಲಿ ಕೂತು ಅವಳು ನನಗೆ ಹೇಳಿದ್ದು ಬೀಗದ ಮಾತಲ್ಲ. "ಭಾಗ್ಯ ಸತ್ತ ಮಾರನೆ ದಿನ ಫ್ಯಾಕ್ಟ್ರಿ ಮ್ಯಾನೇಜರು ಸುಂದರೇಶಪ್ಪ ಸಮಾಧಾನ ಹೇಳೋಕೆ ಅಂತ ಆಫೀಸಿಗೆ ಕರೆದ್ರು. ಹಿಂದಿನ ದಿನ ಬೆಳಿಗ್ಗೆ ಏನಾಯ್ತು, ಹೇಗೆ ಬಂದ್ರಿ, ಅಂತೆಲ್ಲ ಕೇಳಿದ್ರು. ನಾನು ಅಳ್ತಾ ಹೇಳ್ದೆ. ಮೇಜಿನ ಆಕಡೆ ಅವರ ಕೈ ಆಡ್ತಿತ್ತು, ನಾನು ಗಮನಿಸ್ಲಿಲ್ಲ. ಈಗ ಆ ಬೆಳಿಗ್ಗೆ ಅಂದ್ರೆ ನನಗಿರೋದು ಇಷ್ಟೇ: 'ಇಬ್ಬರೂ ಎಂದಿನಂತೆ ಕೆಲಸಕ್ಕೆ ಬಂದೆವು.' ಅಷ್ಟೇ ವನಮಾಲಕ್ಕ. ಅವಳು ಏನು ಉಟ್ಟಿದ್ಲು, ದಾರೀಲಿ ಏನಂದ್ಲು, ತಿಂಡಿ ತಿಂದ್ಲಾ, ಏನೂ ಇಲ್ಲ."

ಕೆರೆಯ ಕಡೆ ತಿರುಗಿ ಮತ್ತೆ ಹೇಳಿದಳು, "ಬಾಗಿಲಿನ ಹಿಂದೆ ಅವಳು ಕೂಗಿದ್ದು ಮಾತ್ರ ನನ್ನ ಹತ್ರ ಇದೆ. ಅದನ್ನೂ ತಗೊಂಡ್ರೆ ಅವಳು ಪೂರ್ತಿ ಹೋದ್ಲು."

"ಹೇಳಿಕೆ ಕೊಡದೇ ಇದ್ರೆ?"

"ಕೊಡದೇ ಇದ್ರೆ ತಪ್ಪು ಅವಳದ್ದೇ ಆಗುತ್ತಲ್ಲಕ್ಕ."

ಮಾರನೆಯ ದಿನ ನಂಜರಾಜಯ್ಯನವರ ಎದುರು ನಿಂತೆ. ಹೇಳುವವರಿಗೆ ಕಾಣುವಂತೆ ಪರದೆ ತಿರುಗಿಸಿಡಬೇಕು ಎಂದೆ. ಅವರು ಕೋಪಿಸಿಕೊಳ್ಳಲಿಲ್ಲ. ಕೂರಿಸಿ, ನೀರು ಕೊಟ್ಟರು.

"ನೀನು ಹೊಸಬಳು. ನಾನು ಇಲ್ಲಿ ಬಹಳ ಕಾಲದಿಂದ ಕೂತಿದ್ದೀನಿ," ಎಂದರು. "ಕೆರೆಯಲ್ಲಿ ಮಗನ್ನ ಕಳ್ಕೊಂಡ ಒಬ್ಬ ಅಪ್ಪ ಬಂದಿದ್ದ. ಕಣ್ಣೆದುರೇ ಮಗ ಮುಳುಗಿದ್ದ. ನಾನು 'ದೂರದಿಂದ ಕೇಳಿ ತಿಳಿದೆ' ಅಂತ ಬರೆಸಿದೆ. ಅವನು ಅವತ್ತು ರಾತ್ರಿ ಎಷ್ಟೋ ದಿನದ ಮೇಲೆ ಮಲಗಿದ. ಕೆಲವರು ಬೇಕು ಅಂತಲೇ ಬರ್ತಾರೆ ವನಮಾಲಾ, ಭಾರ ಇಳಿಸಿ ಕಳ್ಸಿ ಅಂತ. ಆ ದ್ಯಾವಣ್ಣ ಜೀವಮಾನವೆಲ್ಲ ಆ ಸಲಾಕೆ ಹಿಡ್ಕೊಂಡು ಕೂರಬೇಕಿತ್ತಾ?"

"ಕೇಳಿಕೊಂಡವರಿಗೆ ಇಳಿಸಿ ಸರ್. ದ್ಯಾವಣ್ಣ ಕೇಳಿರಲಿಲ್ಲ. ಮತ್ತೆ ಅವನ ಭಾರದ ಜೊತೆ ಮಾಲೀಕರ ಬೀಗವೂ ಇಳಿದುಹೋಯ್ತು."

ಅವರ ನಗು ಸ್ವಲ್ಪ ಸಣ್ಣದಾಯಿತು. "ಪರದೆ ತಿರುಗಿಸಿದ್ರೆ ನಿನಗೆ ಕಾಣಲ್ಲ. ನೀನು ಹೇಗೆ ಟೈಪ್ ಮಾಡ್ತೀಯ? ಒಂದೇ ಪರದೆ ಇರೋದು," ಎಂದು ಎದ್ದರು.

ಒಂದೇ ಪರದೆ ಇರುವುದು ಎಂಬ ಮಾತು ಅವರ ಬಾಯಿಂದಲೇ ಬಂದದ್ದು ಒಳ್ಳೆಯದೇ ಆಯಿತು. ನನ್ನ ಮುಚ್ಚಿದ ಅಂಗಡಿಯಲ್ಲಿ ಇನ್ನೊಂದಿತ್ತು, ಅಗಲದ್ದು. ಮಧ್ಯಾಹ್ನ ಅವರು ಊಟಕ್ಕೆ ಮನೆಗೆ ಹೋದ ಹೊತ್ತು ನೋಡಿಕೊಂಡು ಚಿಕ್ಕತಾಯಮ್ಮನೂ ನಾನೂ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದೆವು. ಅವಳು ಅದನ್ನು ಮಗುವಿನಂತೆ ಸೊಂಟಕ್ಕೆ ಏರಿಸಿಕೊಂಡಿದ್ದಳು.

ಹೇಳಿಕೆ ಮನೆಯ ಕಂಪ್ಯೂಟರ್‌ನಲ್ಲೂ ಲಿನಕ್ಸೇ ಇತ್ತು, ಯಾರೋ ಯಾವತ್ತೋ ಹಾಕಿಟ್ಟದ್ದು. ಅದರ ಬೆನ್ನಿನಲ್ಲಿ ಎರಡು ಪರದೆಗೆ ಜಾಗವಿತ್ತು. ಹಳೆಯ ನೀಲಿ ಕಿಂಡಿಗೆ ಅವರ ಚೌಕದ ಮಾನಿಟರ್ ಸಿಕ್ಕಿಸಿತ್ತು, ಚಪ್ಪಟೆ ಕಿಂಡಿ ಖಾಲಿಯಿತ್ತು. ನಾನು ತಂದ ಕೇಬಲ್ ಅಲ್ಲಿಗೆ ಸಿಕ್ಕಿಸಿದೆ. ಪರದೆ ಹೊತ್ತಿಕೊಂಡಿತು.

ಹೇಳುವವರ ಕುರ್ಚಿಯಲ್ಲಿ ಚಿಕ್ಕತಾಯಮ್ಮನನ್ನು ಕೂರಿಸಿ, ನನ್ನ ಕಡೆ ಒಂದು ಸಾಲು ಟೈಪ್ ಮಾಡಿದೆ. "ಬಂತಾ?"

"ಬರೀ ಬೆಟ್ಟದ ಚಿತ್ರ ಕಾಣ್ತಿದೆ ಅಕ್ಕ. ಅಕ್ಷರ ಇಲ್ಲ."

ಹಾಗೇ ಆಗುವುದು ಅದು. ಎರಡನೇ ಪರದೆ ಕೊಟ್ಟರೆ ಕಂಪ್ಯೂಟರು ಅದನ್ನು ಮೊದಲನೆಯದರ ಮುಂದುವರಿಕೆ ಅಂದುಕೊಳ್ಳುತ್ತದೆ. ಎರಡೂ ಸೇರಿ ಒಂದು ಉದ್ದದ ಮೇಜು ಆದ ಹಾಗೆ. ನನ್ನ ಕೆಲಸವೆಲ್ಲ ಈ ತುದಿಯಲ್ಲಿ, ಆ ತುದಿ ಖಾಲಿ. ಮೌಸ್ ಎಳೆದರೆ ಬಾಣ ನನ್ನ ಅಂಚು ದಾಟಿ ಅವಳ ಕಡೆ ಹೋಗುತ್ತಿತ್ತು. "ಇಲಿ ಬಂತು," ಅಂದಳು ಚಿಕ್ಕತಾಯಮ್ಮ. ತಂಗಿ ಹೋದ ಮೇಲೆ ಅವಳ ಮುಖದಲ್ಲಿ ನಗುವಿನಂಥದ್ದು ನಾನು ನೋಡಿದ್ದು ಅದೇ ಮೊದಲು.

ಡಿಸ್‌ಪ್ಲೇ ಸೆಟ್ಟಿಂಗ್ ತೆರೆದು ಮಿರರ್ ಎಂಬುದನ್ನು ಒತ್ತಿದೆ. ಇದರಲ್ಲಿ ಕಂಡದ್ದೇ ಅದರಲ್ಲೂ ಕಾಣಲಿ ಎಂದು. ತಕ್ಷಣ ನನ್ನ ಕಡೆಯ ಚೌಕದ ಪರದೆ ಕಪ್ಪಾಯಿತು. ಹೊಸದರ ಅಗಲ ಹಳೆಯದಕ್ಕೆ ಹೊಂದಲಿಲ್ಲ. ಈ ಬದಲಾವಣೆ ಉಳಿಸಿಕೊಳ್ಳಬೇಕೇ ಎಂದು ಕಂಪ್ಯೂಟರು ಕೇಳುತ್ತದೆ, ನಾವು ಸುಮ್ಮನೆ ಕೂತರೆ ತಾನಾಗಿ ಹಳೆಯದಕ್ಕೆ ವಾಪಸು ಹೋಗುತ್ತದೆ. ವಾಪಸು ಹೋಯಿತು. ಎರಡೂ ಪರದೆ ಒಪ್ಪುವ ಒಂದು ಅಳತೆ ಹುಡುಕಬೇಕಿತ್ತು. ಒಂದೊಂದೇ ಇಳಿಸುತ್ತ ಬಂದೆ. ಕೊನೆಗೆ ಹಳೆಯ ಕಾಲದ ಸಣ್ಣ ಅಳತೆಯೊಂದಕ್ಕೆ ಎರಡೂ ಒಪ್ಪಿದವು. ಅಗಲದ ಪರದೆಯ ಎರಡು ಪಕ್ಕ ಕಪ್ಪು ಪಟ್ಟಿ ಉಳಿಯಿತು, ಅಕ್ಷರ ಸ್ವಲ್ಪ ಮಸುಕಾಗಿ ದಪ್ಪಗಾಯಿತು. ಈ ಸಲ ಕೇಳಿದಾಗ, ಉಳಿಸು ಎಂದು ಒತ್ತಿದೆ.

"ಚಿಕ್ಕತಾಯಮ್ಮ" ಎಂದು ಟೈಪ್ ಮಾಡಿದೆ.

"ನನ್ನ ಹೆಸರು ಬಂತು," ಅಂದಳು. "ಒಂದೊಂದೇ ಅಕ್ಷರ ನಡ್ಕೊಂಡು ಬಂತು."

ಅಳಿಸಿದೆ.

"ಹೋಯ್ತು. ಹೋಗಿದ್ದೂ ಕಾಣ್ತು."

ನನಗೆ ಬೇಕಿದ್ದದ್ದು ಅದೇ. ಬರೆಯುವುದು ಕಂಡರೆ ಸಾಲದು, ಅಳಿಸುವುದೂ ಕಾಣಬೇಕು. ಕಂಪ್ಯೂಟರ್ ಆರಿಸಿ ಹೊತ್ತಿಸಿದರೆ ಈ ಹೊಂದಿಕೆಯೆಲ್ಲ ಮರೆತುಹೋಗುತ್ತಿತ್ತು. ಅದಕ್ಕೆ ಕಂಪ್ಯೂಟರಿಗೆ ಅಕ್ಷರದಲ್ಲೇ ಆಜ್ಞೆ ಕೊಡುವ ಟರ್ಮಿನಲ್ ಕಿಟಕಿ ತೆರೆದು, ಆ ಪರದೆಯನ್ನು ಈ ಪರದೆಯಂತೆಯೇ ತೋರಿಸು ಎನ್ನುವ ಒಂದು ಸಾಲಿನ ಎಕ್ಸ್‌ರ್ಯಾಂಡರ್ ಆಜ್ಞೆ ಬರೆದು, ಹೊತ್ತಿಸಿದಾಗಲೆಲ್ಲ ತಾನೇ ನಡೆಯುವಂತೆ ಮಾಡಿಟ್ಟೆ.

ನಂಜರಾಜಯ್ಯ ಊಟ ಮುಗಿಸಿ ಬರುವಷ್ಟರಲ್ಲಿ ಹೊರಗೆ ಬೆಂಚಿನಲ್ಲಿದ್ದವರೆಲ್ಲ ಬಾಗಿಲಿಗೆ ಬಂದು ಇಣುಕುತ್ತಿದ್ದರು. ಎಮ್ಮೆ ಕಳೆದ ದೂರಿಗೆ ಬಂದಿದ್ದ ಒಬ್ಬಳು ಅಜ್ಜಿ, "ಗೋಡೆ ಮತ್ತೆ ಬಂತಾ?" ಎಂದು ಕೇಳುತ್ತಿದ್ದಳು.

ಅವರು ಪರದೆಯನ್ನು ನೋಡಿದರು, ಜನರನ್ನು ನೋಡಿದರು, ನನ್ನನ್ನು ನೋಡಿದರು. "ಯಾರನ್ನ ಕೇಳಿ ಮಾಡಿದೆ?"

"ಹೇಳುವವರ ಕಣ್ಣೆದುರೇ ಬರೆಯಬೇಕು ಅನ್ನೋ ನಿಯಮವನ್ನ ಯಾರೂ ತೆಗೆದಿಲ್ಲ ಸರ್. ಗೋಡೆಗೆ ಬಣ್ಣ ಬಳಿದರು, ಅಷ್ಟೇ."

ಅಷ್ಟು ಜನರ ಎದುರು ಬೇಡ ಎನ್ನಲು ಅವರಿಗೆ ಆಗಲಿಲ್ಲ. "ಇರಲಿ, ಇರಲಿ. ನೋಡೋಣ," ಎಂದು ತಮ್ಮ ಕುರ್ಚಿಗೆ ಹೋದರು.

ಚಿಕ್ಕತಾಯಮ್ಮನ ಹೇಳಿಕೆಯ ದಿನ ಫ್ಯಾಕ್ಟರಿಯ ಗಡ್ಡೆ ಎಳೆಯುವವರು, ಹೊಟ್ಟು ತುಂಬುವ ಹೆಂಗಸರು, ಮೀನು ಮಾರುವವರು ಎಲ್ಲ ಬಂದು ಹೊರಗಿನ ಪಡಸಾಲೆಯಲ್ಲಿ ತುಂಬಿಕೊಂಡಿದ್ದರು. ಮ್ಯಾನೇಜರ್ ಸುಂದರೇಶಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಒಳಗೆ ಗೋಡೆ ಪಕ್ಕ ಕೂತಿದ್ದರು. ನಂಜರಾಜಯ್ಯ ಅವತ್ತು ನನಗಿಂತ ಮೊದಲೇ ಬಂದಿದ್ದರು. ಕಂಪ್ಯೂಟರ್ ಆಗಲೇ ಹೊತ್ತಿಸಿಟ್ಟಿತ್ತು. ನಾನು ಹೋಗಿ ಕೂರುತ್ತಲೇ ಅವರು, "ಶುರು ಮಾಡಮ್ಮ," ಎಂದು ಚಿಕ್ಕತಾಯಮ್ಮನಿಗೆ ಹೇಳಿಬಿಟ್ಟರು.

ಅವಳು ಬಾಯಿ ತೆರೆಯಲಿಲ್ಲ. ಎದುರಿನ ಪರದೆಯನ್ನೇ ನೋಡುತ್ತಿದ್ದಳು.

"ಹೇಳಮ್ಮ, ಹೆದರ್ಬೇಡ."

"ವನಮಾಲಕ್ಕ, ಒಂದು ಅಕ್ಷರ ಒತ್ತು," ಅಂದಳು.

ನಾನು ಒತ್ತಿದೆ.

"ಇಲ್ಲ. ಬೆಟ್ಟ ಕಾಣ್ತಿದೆ."

ಸೆಟ್ಟಿಂಗ್ ತೆರೆದು ನೋಡಿದೆ. ಯಾರೋ ಬಲ್ಲವರಿಂದ ಮಿರರ್ ತೆಗೆಸಿ, ಎರಡು ಪರದೆಯನ್ನೂ ಮತ್ತೆ ಉದ್ದದ ಮೇಜು ಮಾಡಿಸಿಟ್ಟಿದ್ದರು. ಹೊತ್ತಿಸಿದಾಗ ನಡೆಯಬೇಕಿದ್ದ ಆ ಸಾಲೂ ಇರಲಿಲ್ಲ. ಪಕ್ಕದಲ್ಲಿ ಕೂತವರಿಗೆ ಎರಡು ಪರದೆಯೂ ಬೆಳಗುತ್ತಿರುವಂತೆಯೇ ಕಾಣುತ್ತಿತ್ತು. ಎದುರು ಕೂತವಳಿಗೆ ಮಾತ್ರ ಬೆಟ್ಟ.

"ಅದು ಹಳೇ ಮೆಷಿನ್ನು, ಮರೆತಿರುತ್ತೆ," ಎಂದರು ನಂಜರಾಜಯ್ಯ. "ಆಮೇಲೆ ಸರಿಮಾಡು. ಈಗ ಮುಂದುವರಿಸು."

"ಇಲ್ಲ ಸರ್."

"ಏನಂದೆ?"

"ಅವರಿಗೆ ಕಾಣೋವರೆಗೂ ಒಂದಕ್ಷರ ಹೊಡೆಯಲ್ಲ ಅಂದೆ."

"ಇದು ವಿಚಾರಣೆ, ನಿನ್ನ ರಿಪೇರಿ ಅಂಗಡಿಯಲ್ಲ. ಏಳು. ನಾನೇ ಟೈಪ್ ಮಾಡ್ತೀನಿ," ಎಂದು ಅವರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅವತ್ತೇ. ಚಿಕ್ಕತಾಯಮ್ಮ ಸೆರಗನ್ನು ಎಳೆದು ಬಾಯಿಗೆ ಒತ್ತಿ ಹಿಡಿದಳು. ಮಾತೇ ಆಡದವರ ಮಾತನ್ನು ಯಾರು ತಾನೇ ಬರೆಯುತ್ತಾರೆ! ಬಾಗಿಲಲ್ಲಿ ನಿಂತಿದ್ದ ಹೊಟ್ಟು ತುಂಬುವ ಹೆಂಗಸರು ಅದನ್ನು ನೋಡಿದರು. ಒಬ್ಬಳು ತನ್ನ ಬಾಯಿಗೂ ಸೆರಗು ಒತ್ತಿಕೊಂಡಳು. ಪಕ್ಕದವಳೂ ಒತ್ತಿಕೊಂಡಳು. ಗಂಡಸರು ಟವೆಲ್ಲು ಕಟ್ಟಿಕೊಂಡರು. ಯಾರೂ ಕೂಗಲಿಲ್ಲ, ಕದಲಲಿಲ್ಲ. ಮುಂದೆ ಹೇಳಿಕೆ ಕೊಡಬೇಕಿದ್ದವರೆಲ್ಲ ಅವರೇ. ನಂಜರಾಜಯ್ಯ ಅಷ್ಟೂ ಮುಚ್ಚಿದ ಬಾಯಿಗಳನ್ನು ನೋಡುತ್ತ ನಿಂತರು.

ನಾನು ಏಳಲಿಲ್ಲ. ಅವರ ಉಸಿರು ನನ್ನ ನೆತ್ತಿಯ ಮೇಲೆ ಆಡುತ್ತಿತ್ತು. ಟರ್ಮಿನಲ್ ತೆರೆದೆ. ಅವಸರದಲ್ಲಿ ಒಂದು ಸಲ ತಪ್ಪಾಯಿತು, ಅಂಥ ಪರದೆಯೇ ಇಲ್ಲ ಎಂದಿತು ಕಂಪ್ಯೂಟರು. ಅಳಿಸಿ ಮತ್ತೆ ಹೊಡೆದೆ. ಎರಡೂ ಪರದೆ ಒಮ್ಮೆ ಕಪ್ಪಾಗಿ, ಒಟ್ಟಿಗೆ ಬೆಳಗಿದವು.

ಚಿಕ್ಕತಾಯಮ್ಮ ಸೆರಗು ಕೆಳಗಿಳಿಸಿದಳು.

"ನನ್ನ ಹೆಸರು ಚಿಕ್ಕತಾಯಮ್ಮ," ಅಂದಳು. ಅಕ್ಷರ ಬರುವುದನ್ನು ನೋಡಿದಳು, ತಲೆಯಾಡಿಸಿದಳು, ಮುಂದಕ್ಕೆ ಹೋದಳು. "ಬೆಳಿಗ್ಗೆ ವಿಷಯ ನನಗೆ ಗೊತ್ತಿಲ್ಲ. ಅದನ್ನ ಅಗೋ ಅಲ್ಲಿ ಕೂತಿರೋ ಸುಂದರೇಶಪ್ಪನವರು ತಗೊಂಡಿದ್ದಾರೆ. ಹಾಗೇ ಬರಿ."

ಸುಂದರೇಶಪ್ಪ ಅಂಗಿಯ ಕಾಲರು ಸರಿಮಾಡಿಕೊಂಡರು. ನಾನು ಹಾಗೇ ಬರೆದೆ.

"ಗ್ಯಾಸು ಬಿಟ್ಟಾಗ ನಾವೆಲ್ಲ ಮುಂದ್ಗಡೆಯಿಂದ ಓಡಿದ್ವಿ. ಭಾಗ್ಯ ಒಳಕೋಣೇಲಿದ್ಲು. ಅವಳಿಗೆ ಹಿಂದಿನ ಬಾಗಿಲೇ ಹತ್ರ. ನಾನು ಸುತ್ತಿ ಬಂದು ನೋಡ್ದೆ. ಹೊರಗಿಂದ ಬೀಗ ಹಾಕಿತ್ತು."

"ಬಾಗಿಲು ಮುಚ್ಚಿತ್ತು," ಎಂದರು ನಂಜರಾಜಯ್ಯ ನನಗೆ.

"ಬೀಗ," ಅಂದಳು ಚಿಕ್ಕತಾಯಮ್ಮ, ಅವರನ್ನು ನೋಡದೆ, ಪರದೆಯನ್ನೇ ನೋಡುತ್ತ. "ಬೀಗ ಅಂತ ಬಂದಿದೆ. ಅದು ಹಂಗೇ ಇರಲಿ."

ಹಂಗೇ ಇತ್ತು.

"ದ್ಯಾವಣ್ಣ ಸಲಾಕೆ ತಂದು ಮೀಟಿದ್ರು. ಅವರಿಗೀಗ ಅದು ನೆನಪಿಲ್ಲ. ನನಗೆ ನೆನಪಿದೆ. ಅವರ ಕೈಯಿಂದ ರಕ್ತ ಬಂದು ಬೀಗ ಜಾರ್ತಿತ್ತು. ಒಳಗಿಂದ ಅವಳು ಬಡೀತಿದ್ಲು. 'ಅಕ್ಕಾ, ಬೀಗ ತೆಗಿ. ಅಕ್ಕಾ, ಕಣ್ಣುರೀತಿದೆ,' ಅಂತಿದ್ಲು. ಆಮೇಲೆ ಬರೀ 'ಅಕ್ಕಾ' ಅಂತಿದ್ಲು."

ನಂಜರಾಜಯ್ಯ ಸುತ್ತಿ ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತರು. ಅವರ ದನಿ ಮತ್ತೆ ಮೆತ್ತಗಾಗಿತ್ತು. ಅದು ನಾಟಕವಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. "ತಾಯಿ, ಬೀಗದ ಮಾತು ಬೇಕಾದ್ರೆ ಇರಲಿ. ಆ ಕೂಗು ಬೇಡ. ಕಣ್ಣು ಮುಚ್ಕೋ ಸಾಕು, ನಾನು ಆ ಒಂದು ಸಾಲು ತೆಗೆಸ್ತೀನಿ. ಈ ಬಾಗಿಲು ದಾಟಿದ್ರೆ ನಿನಗೆ ಅದು ಕೇಳಿಸಲ್ಲ. ಆ ದನೀನ ಬದುಕಿರೋವರೆಗೂ ಕೇಳ್ತಾ ಇರ್ತೀಯಾ?"

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒರೆಸಿದರೆ ಅಷ್ಟು ಹೊತ್ತು ಪರದೆ ಮರೆಯಾಗುತ್ತಿತ್ತು.

"ಅದು ನನ್ನ ತಂಗಿ ದನಿ," ಅಂದಳು. "ಕೇಳ್ತೀನಿ."

ಅದನ್ನೂ ಬರೆದೆ.

ಅವಳು ಹೊಸ್ತಿಲು ದಾಟುವಾಗ ನಾನೂ ಎದ್ದು ಹಿಂದೆ ಹೋದೆ. ಪಡಸಾಲೆಯಲ್ಲಿ ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಹೊಟ್ಟು ತುಂಬುವ ಹೆಂಗಸೊಬ್ಬಳು ಮೆಲ್ಲಗೆ ಕೇಳಿದಳು, "ಏನಂತಿದ್ಲು ಭಾಗ್ಯ?"

"ಅಕ್ಕಾ ಅಂತಿದ್ಲು," ಅಂದಳು ಚಿಕ್ಕತಾಯಮ್ಮ. ಅಂದು, ಅಲ್ಲೇ ಕುಸಿದು ಕೂತು, ಅಲ್ಲಿಯವರೆಗೂ ಹಿಡಿದಿಟ್ಟದ್ದನ್ನೆಲ್ಲ ಅತ್ತಳು. ಹೆಂಗಸರು ಅವಳ ಸುತ್ತ ಕೂತರು. ಸಮಾಧಾನ ಮಾಡಿಕೋ ಎಂದು ಯಾರೂ ಹೇಳಲಿಲ್ಲ.

ಆ ವಾರವೇ ನನ್ನನ್ನು ಕೆಲಸದಿಂದ ತೆಗೆದರು. ಮೇಲಿನವರ ಮಾತು ಮೀರಿದ್ದಕ್ಕೆ ಎಂದರು. ಮೀರಿದ್ದು ನಿಜವೇ, ನಾನು ವಾದ ಮಾಡಲಿಲ್ಲ. ನಿನ್ನ ಪರದೆ ತಗೊಂಡು ಹೋಗು ಎಂದಾಗ ಮಾತ್ರ, ಅದು ನನ್ನದಲ್ಲ, ಆ ಕುರ್ಚಿಯದು ಎಂದು ಬಂದುಬಿಟ್ಟೆ. ಅದನ್ನು ಅವರು ಬಿಚ್ಚಿ ಮೂಲೆಗಿಟ್ಟರಂತೆ. ಮಾರನೆಯ ದಿನ ಎಮ್ಮೆಯ ಅಜ್ಜಿ ಬಂದು ಕುರ್ಚಿಯಲ್ಲಿ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡಳಂತೆ. ಅವಳ ನಂತರದವನೂ ಹಾಗೇ ಕೂತನಂತೆ. ಹೇಳಿಕೆ ಮನೆಯಲ್ಲಿ ದಿನವೆಲ್ಲ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸಂಜೆಯೊಳಗೆ ಪರದೆ ಮತ್ತೆ ಮೇಜಿಗೆ ಬಂತು. ಹೊಸ ಟೈಪಿಸ್ಟ್ ನನ್ನ ಅಂಗಡಿಗೆ ಬಂದು ಆ ಸಾಲನ್ನು ಕಲಿತುಕೊಂಡು ಹೋದಳು. ನಾನು ಅಂಗಡಿಯ ಬಾಗಿಲು ಮತ್ತೆ ತೆರೆದಿದ್ದೆ. ಈಗ ಊರಿನ ಆಸ್ಪತ್ರೆ, ಬ್ಯಾಂಕು, ಶಾಲೆ ಎಲ್ಲರಿಗೂ ಎರಡೆರಡು ಪರದೆ ಬೇಕಾಗಿದೆ. ಹೊಂದಿಸಿಕೊಡುವುದೇ ನನ್ನ ಕೆಲಸ.

ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು ಎಂದೇ ತೀರ್ಮಾನವಾಯಿತು. ಫ್ಯಾಕ್ಟರಿಯನ್ನು ಕೆಲಸಗಾರರ ಎದುರೇ ಮುಚ್ಚಿಸಿ, ಎಲ್ಲ ಬಾಗಿಲಿನ ಚಿಲಕವನ್ನೂ ಒಳಗಡೆಗೆ ಬದಲಾಯಿಸಿದ ಮೇಲೆ ತೆರೆಸಿದರು. ಮಾಲೀಕರ ಮೇಲೆ ಕೇಸು ನಡೆಯುತ್ತಿದೆ. ಚಿಕ್ಕತಾಯಮ್ಮ ಅಲ್ಲಿಗೆ ವಾಪಸು ಹೋಗಲಿಲ್ಲ, ಮೀನು ಮಾರುವ ಹೆಂಗಸರ ಜೊತೆ ಸೇರಿಕೊಂಡಳು. ಭಾಗ್ಯಳ ಆ ಬೆಳಿಗ್ಗೆಯನ್ನು ಅವಳು ಇನ್ನೂ ಹುಡುಕುತ್ತಿದ್ದಾಳೆ. ದಾರಿಯಲ್ಲಿ ಅವರಿಬ್ಬರನ್ನು ಕಂಡಿರಬಹುದಾದವರನ್ನೆಲ್ಲ ಕೇಳುತ್ತಾಳೆ. ಹೂ ಮಾರುವವಳೊಬ್ಬಳು, ಅವತ್ತು ಭಾಗ್ಯ ಕನಕಾಂಬರ ಕೊಂಡಳು ಎಂದು ಹೇಳಿದ್ದಾಳೆ. ಅಷ್ಟು ಸಿಕ್ಕಿದೆ.

ನಂಜರಾಜಯ್ಯನವರು ಈಗಲೂ ಅಲ್ಲೇ ಇದ್ದಾರೆ. ತೀರ್ಮಾನವಾದ ಸ್ವಲ್ಪ ದಿನಕ್ಕೆ ದ್ಯಾವಣ್ಣ ಚಿಕ್ಕತಾಯಮ್ಮನ ಮನೆಗೆ ಹೋಗಿ, "ನಾನೇನು ಮಾಡಿದೆ ಅವತ್ತು, ನನಗೆ ಹೇಳವ್ವ," ಎಂದು ಕೇಳಿದ. ಅವಳು ಮೊದಲಿನಿಂದ ಕೊನೆಯವರೆಗೆ, ನನ್ನಿಂದ ಕೇಳಿದ್ದ ಆ ಅಳಿಸಿದ ಸಾಲಿನ ವಿಷಯವನ್ನೂ ಸೇರಿಸಿ, ಹೇಳಿದಳು. ಅವನು ಬೇರೊಬ್ಬನ ಕಥೆ ಕೇಳುವಂತೆ ಕೇಳಿದ. ಕೇಳಿ, ಅಂಗೈಯ ಕಲೆಗಳನ್ನು ತಿಕ್ಕಿಕೊಂಡು, ನೆಟ್ಟಗೆ ಹೇಳಿಕೆ ಮನೆಗೆ ಹೊರಟ. ಚಿಕ್ಕತಾಯಮ್ಮ ನನ್ನನ್ನೂ ಕರೆದಳು. ನಾವು ಬಾಗಿಲಲ್ಲಿ ನಿಂತುಕೊಂಡೆವು.

ದ್ಯಾವಣ್ಣ ಕುರ್ಚಿಯಲ್ಲಿ ಕೂತು, ಪರದೆಯನ್ನು ತನ್ನ ಕಡೆಗೆ ಇನ್ನೂ ಸ್ವಲ್ಪ ತಿರುಗಿಸಿಕೊಂಡ. "ನಂದು ಇನ್ನೊಂದು ಹೇಳಿಕೆ ಇದೆ," ಅಂದ.

ಹೊಸ ಟೈಪಿಸ್ಟ್ ನಂಜರಾಜಯ್ಯನವರನ್ನು ನೋಡಿದಳು. ಅವರು ಕುರ್ಚಿಯಿಂದ ಏಳಲಿಲ್ಲ. ಅವಳು ಟೈಪ್ ಮಾಡತೊಡಗಿದಳು.

"ಭಾಗ್ಯ ಸತ್ತ ದಿನ ನಾನು ಏನು ಕಂಡೆ ಅನ್ನೋದು ಈಗ ನನ್ನ ಹತ್ರ ಇಲ್ಲ," ಅಂದ ದ್ಯಾವಣ್ಣ. ಪರದೆ ನೋಡಿದ. ಹುಬ್ಬು ಗಂಟಿಕ್ಕಿದ. "ನೆನಪಿಲ್ಲ ಅಂತ ಯಾಕೆ ಬರೆದೆ ಮಗಾ? ಅಳಿಸು ಅದನ್ನ. ನೆನಪಿಲ್ಲ ಅಂತ ನಾನು ಹೇಳ್ಲಿಲ್ಲ. ತಗೊಂಡ್ರು ಅಂತ ಬರಿ. ಈ ಕೋಣೇಲಿ, ಇದೇ ಕುರ್ಚೀಲಿ ಕೂತಿದ್ದಾಗ ನನ್ನಿಂದ ತಗೊಂಡ್ರು."

ಅವಳು ಅಳಿಸಿದಳು. ಬರೆದಳು. ಆಮೇಲೆ ಬೆರಳುಗಳನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ, ತಲೆಯೆತ್ತದೆ ಕೇಳಿದಳು, "ಯಾರು ತಗೊಂಡ್ರು ಅಂತ?"

ದ್ಯಾವಣ್ಣ ನಂಜರಾಜಯ್ಯನವರ ಕಡೆ ತಿರುಗಲಿಲ್ಲ. ಅವನ ಕಣ್ಣು ಅಕ್ಷರ ಬರಬೇಕಾದ ಜಾಗದಲ್ಲೇ ಇತ್ತು.

"ಹೆಸರು ಹೇಳ್ತೀನಿ," ಅಂದ. "ಬರಿ."